ಕೋಳಿ ಕೂಗದ ಊರು: ಕಾನ್ ಗೆದ್ದ ಕನ್ನಡದ ಇರುಳು

2024ರ ಮೇ 23ರಂದು ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳಿಗೆಂದೇ ಮೀಸಲಾದ ‘ಲಾ ಸಿನೆಫ್’ ವಿಭಾಗದ ಪ್ರಥಮ ಪ್ರಶಸ್ತಿ ಕನ್ನಡದ ಕಿರುಚಿತ್ರವೊಂದಕ್ಕೆ ಸಂದಿತು. ಜಗತ್ತಿನ 555 ಚಲನಚಿತ್ರ ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಕಣಕ್ಕಿಳಿದವು ಕೇವಲ 18. ಅವುಗಳ ಅಗ್ರಸ್ಥಾನದಲ್ಲಿ ನಿಂತದ್ದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ನಿರ್ದೇಶಿಸಿದ, ಹದಿನಾರು ನಿಮಿಷಗಳ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ವೈದ್ಯಕೀಯ ಪದವಿ ಪಡೆದ ತರುಣ ಸ್ಟೆತಸ್ಕೋಪು ಬದಿಗಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ, ಅಲ್ಲಿನ ಒಂದು ವರ್ಷದ ಟೆಲಿವಿಷನ್ ನಿರ್ದೇಶನ ತರಗತಿಯ ಅಭ್ಯಾಸವಾಗಿ ಮಾಡಿದ ಚಿತ್ರವಿದು.

ಕಥೆ ನಮ್ಮ ಮನೆಮನೆಯದು. ತನ್ನ ಹುಂಜ ಕೂಗಿದರೆ ಮಾತ್ರ ಊರಿಗೆ ಬೆಳಗಾಗುವುದೆಂದು ನಂಬಿದ ಅಜ್ಜಿ ಮುನಿಸಿಕೊಂಡು, ಹುಂಜವನ್ನು ಕಂಕುಳಲ್ಲಿ ಇರುಕಿ ಊರು ಬಿಡುತ್ತಾಳೆ. ಸೂರ್ಯ ಎಂದಿನಂತೆ ಹುಟ್ಟುತ್ತಾನೆ. ಅಜ್ಜಿಯ ಜಂಬ ನೆನೆದು ಮಕ್ಕಳು ನಗುತ್ತಾರೆ. ನಾಯ್ಕ್ ಆ ನಗುವನ್ನೇ ಕಿತ್ತುಕೊಂಡರು. ಅವರ ಚಿತ್ರದಲ್ಲಿ ಮುದುಕಿ ಹುಂಜವನ್ನು ಕದ್ದೊಯ್ದ ಮೇಲೆ ಬೆಳಗಾಗುವುದೇ ಇಲ್ಲ. ಕಗ್ಗತ್ತಲಿಗೆ ಸಿಕ್ಕ ಊರು ಭವಿಷ್ಯವಾಣಿಯ ಮೊರೆಹೊಕ್ಕು, ಅವಳ ಮನೆಯವರನ್ನು ಗಡಿಪಾರು ಮಾಡುತ್ತದೆ. ಮುದುಕಿಯ ನಂಬಿಕೆಯೇ ಸೃಷ್ಟಿನಿಯಮವಾಗುವ ಈ ಒಂದು ತಿರುವಿನಲ್ಲಿ ಮಕ್ಕಳ ಕಥೆ ಸ್ವಪ್ನಲೋಕವಾಗಿ ಮಾರ್ಪಡುತ್ತದೆ.

ಕ್ಯಾಮೆರಾ ಹಿಡಿದವರು ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಶಬ್ದ ಅಭಿಷೇಕ್ ಕದಂ. ಚಿತ್ರೀಕರಣಕ್ಕೆ ದೊರೆತದ್ದು ನಾಲ್ಕೇ ದಿನ. ಇರುಳನ್ನೇ ಕಥಾನಾಯಕನನ್ನಾಗಿಸುವ ಈ ಧೈರ್ಯ ನನ್ನ ದೃಷ್ಟಿಯಲ್ಲಿ ಮೂಕಿಯುಗದ ಉತ್ತರಾಧಿಕಾರ. ಆ ಕಾಲದ ಕ್ಯಾಮೆರಾಗಳಿಗೆ ನಿಜವಾದ ರಾತ್ರಿ ಕಾಣುತ್ತಲೇ ಇರಲಿಲ್ಲ. ಹಾಡುಹಗಲೇ ಚಿತ್ರಿಸಿ, ಪ್ರತಿಯ ಆ ಭಾಗವನ್ನು ನೀಲಿ ಬಣ್ಣದಲ್ಲಿ ಅದ್ದಿ ತೆಗೆದರೆ ತೆರೆಯ ಮೇಲೆ ಬೆಳದಿಂಗಳು! ಜರ್ಮನಿಯ ಮುರ್ನೌ ರಕ್ತಪಿಶಾಚಿಯ ಕಥೆಯಾದ 1922ರ ‘ನೊಸ್ಫೆರಾಟು’ ತೆಗೆದದ್ದು ಹೀಗೆಯೇ. ಅಲ್ಲಿಯೂ ಕತ್ತಲಿನ ಗಡಿರೇಖೆ ಕೋಳಿಯ ಕೂಗೇ: ಮುಂಗೋಳಿ ಕೂಗುವ ತನಕ ರಕ್ತಪಿಪಾಸುವನ್ನು ತಡೆದು ನಿಲ್ಲಿಸಿದರೆ ಅವನ ಅಂತ್ಯ. ಧ್ವನಿಯೇ ಇಲ್ಲದ ಚಿತ್ರದಲ್ಲಿ ಕೂಗೊಂದು ಕಥೆಯ ಕೀಲಿಕೈ ಆಯಿತೆಂಬುದು ಸಿನಿಮಾ ಕಲೆಯ ಸೋಜಿಗಗಳಲ್ಲೊಂದು.

ಕನ್ನಡಕ್ಕೂ ಮೂಕಿಯ ಪರಂಪರೆಯಿದೆ. 1934ರ ‘ಸತಿ ಸುಲೋಚನ’ದಿಂದ ನಮ್ಮ ತೆರೆ ಮಾತಾಡತೊಡಗುವ ಮೊದಲೇ ಶಿವರಾಮ ಕಾರಂತರು ‘ಡೊಮಿಂಗೋ’ ತೆಗೆದಿದ್ದರು. ಗುಬ್ಬಿ ವೀರಣ್ಣನವರು ರಂಗದಿಂದ ಮೂಕಚಿತ್ರ ನಿರ್ಮಾಣಕ್ಕಿಳಿದಿದ್ದರು. ದುರದೃಷ್ಟವಶಾತ್, ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಿಗಳಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು. ಆದರೂ 1987ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲಿ ‘ಪುಷ್ಪಕ ವಿಮಾನ’ ತೆಗೆದು, ಸಂಭಾಷಣೆಯಿಲ್ಲದೆಯೂ ಜನರನ್ನು ಮನಸಾರೆ ನಗಿಸಬಹುದೆಂದು ತೋರಿಸಿದರು.

ಚಿನ್ನದ ಗಣಿಯ ಊರಾದ ಹಟ್ಟಿಯ ಓದುಗರಿಗೆ ನಾಯ್ಕ್ ಅವರ ಚಿತ್ರ ಇನ್ನೂ ಒಂದು ಕೈ ಹತ್ತಿರವಾದೀತು. ಲಿಂಗಸುಗೂರು, ಮಸ್ಕಿಯ ಎರೆಹೊಲಗಳಲ್ಲಿ ಸೂರ್ಯಪಾನ, ಅಂದರೆ ಸೂರ್ಯಕಾಂತಿ, ಬೆಳೆದವರಿಗೆ ಶೀರ್ಷಿಕೆಯ ಒಗಟು ಬಿಡಿಸಿ ಹೇಳಬೇಕಿಲ್ಲ; ಬೆಳಕು ತಪ್ಪಿದರೆ ಎಲ್ಲರಿಗಿಂತ ಮೊದಲು ಅರಿಯುವುದು ಆ ಹೂವೇ. ಇನ್ನು ಚಿನ್ನದ ಗಣಿಯಲ್ಲಿ ದುಡಿಯುವವರ ಮಾತೇ ಬೇರೆ. ಶಾಫ್ಟಿನಿಂದ ಕೆಳಗಿಳಿದ ಮೇಲೆ ಹಗಲು ರಾತ್ರಿಗಳನ್ನು ಹೇಳುವುದು ಶಿಫ್ಟಿನ ವೇಳೆಯೇ ಹೊರತು ಸೂರ್ಯನಲ್ಲ. ಟೊಪ್ಪಿಗೆಯ ದೀಪ ತಿರುಗಿದತ್ತ ಅಂಗೈಯಗಲದ ಬಂಡೆ ಕಾಣುತ್ತದೆ, ಮಿಕ್ಕದ್ದೆಲ್ಲ ಕಪ್ಪು. ಸಿನಿಮಾಟೋಗ್ರಾಫರ್ ವರ್ಷಗಟ್ಟಲೆ ಕಲಿಯುವ ಪಾಠ ಇಲ್ಲಿನವರಿಗೆ ದಿನದ ದುಡಿಮೆ.

ಕಾನ್‌ನಲ್ಲಿ 15,000 ಯೂರೋ ಬಹುಮಾನ ಪಡೆದ ಚಿತ್ರ ಮುಂದೆ ಆಸ್ಕರ್ ಕಿರುಚಿತ್ರ ಸ್ಪರ್ಧೆಗೂ ಅರ್ಹತೆ ಗಳಿಸಿತು. ಅಂತಿಮ ಐದರಲ್ಲಿ ಸ್ಥಾನ ಸಿಗಲಿಲ್ಲವೆಂದು ಕೊರಗುವ ಅಗತ್ಯವಿಲ್ಲ. ಅದಕ್ಕಿಂತ ದೊಡ್ಡ ಕೊರತೆ, ಇಂಥ ಚಿತ್ರಗಳು ನಮ್ಮೂರಿನ ತೆರೆಗೆ ಬಾರದಿರುವುದು. ಮೊಬೈಲಿನ ಪರದೆಯಲ್ಲಿ, ಮಟಮಟ ಮಧ್ಯಾಹ್ನ ನೋಡುವ ಚಿತ್ರವಲ್ಲ ಇದು. ಅಲ್ಲಿ ಕಪ್ಪೆಲ್ಲ ಬೂದುಬಣ್ಣವಾಗಿ ಕಾಣುತ್ತದೆ. ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಒಂದು ಚಿತ್ರಮಂದಿರ ದೀಪ ಆರಿಸಿ, ಮುಖ್ಯ ಚಿತ್ರಕ್ಕೆ ಮುನ್ನ ಹದಿನಾರು ನಿಮಿಷ ಬಿಟ್ಟುಕೊಟ್ಟರೆ ಸಾಕು.