ಗಾಡಿ ಮಾತಾಡುವ ಹದ

17 ಸೀಟಿನ ಟೆಂಪೊ ಟ್ರಾವೆಲರ್‌ಗೆ, ಅಂದರೆ ಟಿಟಿಗೆ, 17 ಜನರನ್ನು ಹೊಂದಿಸುವುದು ಹೊಸಬರ ಲೆಕ್ಕ. ಪಳಗಿದವರು 14ಕ್ಕೇ ನಿಲ್ಲಿಸುತ್ತಾರೆ. ಮಿಕ್ಕ ಮೂರರಲ್ಲಿ ಒಂದರ ಮೇಲೆ ಪುಳಿಯೋಗರೆ ಡಬ್ಬಿ ಮತ್ತು ನೀರಿನ ಕ್ಯಾನು ಕೂರುತ್ತವೆ. ಇನ್ನೊಂದು, ಹೊರಡುವ ಹಿಂದಿನ ರಾತ್ರಿ ಫೋನ್ ಮಾಡಿ "ನಾನೂ ಬರ್ತೀನಿ ಕಣ್ರೋ" ಅನ್ನುವ ಸೋದರತ್ತೆಗೆ. ಮೂರನೆಯದು ಘಾಟಿಯ ತಿರುವಿನಲ್ಲಿ ಮುಖ ಬಾಡಿದ ಮಗು ಕಾಲು ಚಾಚಿ ಮಲಗಲು. ಪ್ರತಿ ಮನೆತನದಲ್ಲೂ, ಪ್ರತಿ ಮಹಿಳಾ ಸಮಾಜದಲ್ಲೂ ಇಂಥ ಲೆಕ್ಕ ಬಲ್ಲವರು ಒಬ್ಬರಿರುತ್ತಾರೆ. ಮದುವೆ ದಿಬ್ಬಣವಿರಲಿ, ಆಫೀಸಿನವರ ಒಂದು ದಿನದ ಸುತ್ತಾಟವಿರಲಿ, ಗಾಡಿ ಮಾತಾಡಲು ಎಲ್ಲರೂ ಅವರನ್ನೇ ಮುಂದೆ ಮಾಡುತ್ತಾರೆ. ಅವರ ಜಾಣತನಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಕ್ಕಿಲ್ಲ ಅನ್ನುವುದು ನನ್ನ ತಕರಾರು.

ಹಿಂದೆ ಈ ಕೆಲಸಕ್ಕೆ ಮೆಟಡೋರ್ ಇತ್ತು. ಅದಕ್ಕಿಂತ ದೊಡ್ಡದು ಬೇಕೆಂದರೆ ನೇರವಾಗಿ ಬಸ್ಸೇ. 1987ರಲ್ಲಿ ಬಜಾಜ್ ಟೆಂಪೊ ಕಂಪನಿಯ ಟ್ರಾವೆಲರ್ ಬಂದಮೇಲೆ ನಡುವಿನ ಜಾಗ ತುಂಬಿತು. ಆ ಕಂಪನಿ ಈಗ ಫೋರ್ಸ್ ಮೋಟರ್ಸ್. 12, 17, 20, 26 ಸೀಟು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಗಾಡಿ ಸಿಗುತ್ತದೆ. ಅದರಾಚೆಗೆ 33 ಸೀಟಿನ ಮಿನಿ ಬಸ್ಸು, ಆಮೇಲೆ ದೊಡ್ಡ ಬಸ್ಸು.

ಟ್ರಾವೆಲ್ಸಿನ ಕೌಂಟರಿನಲ್ಲಿ ಕೂತ ಅನುಭವಿ ಎಷ್ಟು ಜನ ಎಂದು ಕೇಳಿ ಸುಮ್ಮನಾಗುವುದಿಲ್ಲ. "ಮಕ್ಕಳು ಎಷ್ಟು ಸಾರ್? ತೊಡೆ ಮೇಲೆ ಕೂರೋ ಮಕ್ಕಳೋ, ಸೀಟು ಬೇಕಾದ ಮಕ್ಕಳೋ? ಮಂಡಿನೋವಿನವರು ಇದ್ದಾರಾ?" ಮೂರನೇ ಪ್ರಶ್ನೆಗೆ ಕಾರಣವಿದೆ. ಹಿಂದಿನ ಸಾಲು ಹಿಂಬದಿ ಚಕ್ರದ ಆಚೆಗಿರುತ್ತದೆ. ಒಂದೊಂದು ಹಂಪಿಗೂ ಅಲ್ಲಿ ಕೂತವರು ಎದ್ದು ಬೀಳುತ್ತಾರೆ. ಕಾಲೇಜು ಹುಡುಗರಿಗೆ ಅದೇ ಖುಷಿ, ಎಪ್ಪತ್ತು ದಾಟಿದವರಿಗೆ ಅದೇ ಶಿಕ್ಷೆ. ಹಿರಿಯರು ಹೆಚ್ಚಿದ್ದರೆ ಅವನು 12ರ ಬದಲು 17ರದ್ದನ್ನೇ ತೋರಿಸುತ್ತಾನೆ. ನಾವು ಅವನು ವ್ಯಾಪಾರ ಮಾಡುತ್ತಿದ್ದಾನೆ ಅಂದುಕೊಳ್ಳುತ್ತೇವೆ. ಮಾಡುತ್ತಿರಬಹುದು, ಆದರೆ ಹೇಳುತ್ತಿರುವುದು ನಿಜ.

ಇನ್ನು ಬಾಡಿಗೆಯ ಲೆಕ್ಕ. ಊರೊಳಗಿನ ಓಟಕ್ಕೆ ಇಷ್ಟು ಗಂಟೆ, ಇಷ್ಟು ಕಿಲೋಮೀಟರ್ ಎಂಬ ಪ್ಯಾಕೇಜು. ಹೊರಊರಿಗೆ ಕಿಲೋಮೀಟರಿಗೆ ಇಂತಿಷ್ಟು, ಜೊತೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್. ಗಾಡಿ ಅಷ್ಟು ಓಡದಿದ್ದರೂ ಅಷ್ಟರ ದುಡ್ಡು ಕೊಡಲೇಬೇಕು. ಮೀಟರು ನಿಮ್ಮ ಮನೆ ಬಾಗಿಲಿನಿಂದ ಶುರುವಾಗುವುದಿಲ್ಲ. ಶೆಡ್ಡಿನಿಂದ ಹೊರಟು ಶೆಡ್ಡಿಗೆ ಮರಳುವವರೆಗಿನದ್ದೆಲ್ಲ ಸೇರುತ್ತದೆ. ಹಾಗಾಗಿ ಊರಿನ ಇನ್ನೊಂದು ಮೂಲೆಯಲ್ಲಿ ಸಿಗುವ ಅಗ್ಗದ ಗಾಡಿ ಅಗ್ಗವಲ್ಲ. ಡ್ರೈವರ್ ಬಾಟಾ, ಟೋಲು, ಪಾರ್ಕಿಂಗು ಬೇರೆ. ಹೊರರಾಜ್ಯವಾದರೆ ಪರ್ಮಿಟ್ ಖರ್ಚು ಯಾರ ತಲೆಗೆ ಎಂಬುದೂ ಮೊದಲೇ ತೀರ್ಮಾನವಾಗಬೇಕು.

ನನಗೆ ಬಹಳ ಇಷ್ಟವಾದದ್ದು ನಡುರಾತ್ರಿಯ ಲೆಕ್ಕ. ಬಹುತೇಕ ಟ್ರಾವೆಲ್ಸಿನವರಿಗೆ ಒಂದು ದಿನವೆಂದರೆ ರಾತ್ರಿ 12ರಿಂದ ಮರುರಾತ್ರಿ 12. ಬೆಂಗಳೂರಿನಿಂದ ಧರ್ಮಸ್ಥಳ, ಕುಕ್ಕೆ ನೋಡಿಕೊಂಡು ಬರುವುದಿದೆ ಅನ್ನಿ. ಶೆಡ್ಡಿನ ಓಟವೂ ಸೇರಿ ಸುಮಾರು 650 ಕಿಲೋಮೀಟರ್ ಆಗುತ್ತದೆ. ಶುಕ್ರವಾರ ರಾತ್ರಿ 10ಕ್ಕೆ ಹೊರಟು ಭಾನುವಾರ ಸಂಜೆ ಬಂದರೆ ಅದು ಮೂರು ದಿನ, ಅಂದರೆ ದಿನಕ್ಕೆ 300ರಂತೆ 900 ಕಿಲೋಮೀಟರಿನ ದುಡ್ಡು. ಅದೇ ಗಾಡಿ 12 ದಾಟಿದ ಮೇಲೆ ಶೆಡ್ಡು ಬಿಟ್ಟರೆ ಎರಡೇ ದಿನ. ಕನಿಷ್ಠ 600, ಓಡಿದ್ದು 650, ಕೊಡುವುದು 650ಕ್ಕೆ. ಕಿಲೋಮೀಟರಿಗೆ 25 ರೂಪಾಯಿ ಎಂದಿಟ್ಟುಕೊಂಡರೆ ಎರಡು ಗಂಟೆ ತಡ ಮಾಡಿದ್ದಕ್ಕೆ 6,250 ರೂಪಾಯಿ ಉಳಿಯಿತು, ಒಂದು ದಿನದ ಬಾಟಾ ಬೇರೆ. ಆದರೆ ನಿಜವಾಗಿ ಬಲ್ಲವರು ಇಲ್ಲಿಗೇ ಬಿಡುವುದಿಲ್ಲ, ಇನ್ನೊಂದು ಪ್ರಶ್ನೆ ಕೇಳುತ್ತಾರೆ: "ಡ್ರೈವರು ಶುಕ್ರವಾರ ಹಗಲು ಬೇರೆ ಟ್ರಿಪ್ಪಿಗೆ ಹೋಗಿರ್ತಾರಾ?" ಹೋಗಿರುತ್ತಾರೆ ಅಂದರೆ ಬೇರೆ ಡ್ರೈವರ್, ಇಲ್ಲವೇ ಬೆಳಿಗ್ಗೆ 5ಕ್ಕೆ ಹೊರಡುವ ಏರ್ಪಾಟು.

ದಾರಿ ಗೊತ್ತಾಗದೆ ಗಾಡಿ ಗೊತ್ತು ಮಾಡಬಾರದು. ಧರ್ಮಸ್ಥಳದ ಕಡೆಗೆ ಶಿರಾಡಿ ಘಾಟಿಯಲ್ಲಿ ದೊಡ್ಡ ಬಸ್ಸು ಸಲೀಸಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಮಾತ್ರ ಗುಡ್ಡ ಜರಿದಿದೆಯೇ ಎಂದು ಸಕಲೇಶಪುರ ಮುಟ್ಟುವ ಮೊದಲೇ ವಿಚಾರಿಸಬೇಕು. ಶೃಂಗೇರಿ ಮುಗಿಸಿ ಉಡುಪಿಗೆ ಆಗುಂಬೆ ಘಾಟಿಯಲ್ಲಿ ಇಳಿಯುವ ಆಸೆಯಿದ್ದರೆ ಅಲ್ಲಿ 14 ಬಿಗಿ ತಿರುವುಗಳಿವೆ, ಉದ್ದ ಬಸ್ಸಿಗೆ ಅದು ದಾರಿಯಲ್ಲ. ಗುಂಡ್ಲುಪೇಟೆ ಮೇಲೆ ಊಟಿಗೆ ಹೋದವರು ಬಂಡೀಪುರದ ಗೇಟನ್ನು ನೆನಪಿಡಬೇಕು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಮುಚ್ಚಿರುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕಂತೂ ನೀವು ಎಂಥ ಗಾಡಿ ತಂದರೂ ಬುಡದಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಇದರ ಜೊತೆಗೆ ಮಧ್ಯಾಹ್ನ ಬಾಗಿಲು ಹಾಕುವ ದೇವಸ್ಥಾನಗಳ ವೇಳೆ ಹೊಂದಿಸಬೇಕು. ಶೃಂಗೇರಿಯಲ್ಲಿ ದರ್ಶನ ಮುಗಿಸಿ ಪ್ರಸಾದದ ಪಂಕ್ತಿಗೆ ಕೂರುವಂತೆ ಓಟವನ್ನು ಹೆಣೆದವರು ಅರ್ಧ ದಿನವನ್ನೂ ಒಂದು ಹೊತ್ತಿನ ಹೋಟೆಲ್ ಖರ್ಚನ್ನೂ ಒಟ್ಟಿಗೇ ಉಳಿಸಿರುತ್ತಾರೆ.

ಒಂದು ಮಿನಿ ಬಸ್ಸೋ, ಎರಡು ಟಿಟಿಯೋ ಎಂಬ ಜಗಳ ಹಳೆಯದು. ಎರಡು ಟಿಟಿಗೆ ಎರಡು ಬಾಟಾ, ಎರಡು ಟೋಲು. ಒಂದು ಗಾಡಿಯವರು ಕಾಫಿಗೆ ನಿಂತರೆ ಇನ್ನೊಂದರವರು ಮುಂದಿನ ಊರಿನಲ್ಲಿ ಕಾಯುತ್ತಿರುತ್ತಾರೆ. ಅಂತ್ಯಾಕ್ಷರಿಯ ಒಳ್ಳೆಯ ಗಂಟಲೆಲ್ಲ ಒಂದೇ ಗಾಡಿಗೆ ಹೋಗಿರುತ್ತದೆ. ಇಕ್ಕಟ್ಟಿನ ಘಾಟಿ ಇಲ್ಲದಿದ್ದರೆ ನನ್ನ ಓಟು ಮಿನಿ ಬಸ್ಸಿಗೇ.

ಕಾಲವನ್ನೂ ನೋಡಬೇಕು. ದೊಡ್ಡ ಲಗ್ನದ ದಿನ ಗಾಡಿಯೂ ಸಿಗದು, ಚೌಕಾಸಿಯೂ ನಡೆಯದು. ನವೆಂಬರಿನಿಂದ ಜನವರಿವರೆಗೆ ಶಬರಿಮಲೆಯವರು, ಮೇಲ್ಮರುವತ್ತೂರಿಗೆ ಹೋಗುವ ಓಂ ಶಕ್ತಿ ಮಾಲೆಯವರು, ಶಾಲಾ ಪ್ರವಾಸದವರು ಎಲ್ಲ ಒಟ್ಟಿಗೇ ಮುಗಿಬೀಳುತ್ತಾರೆ. ಮದುವೆಯಿಲ್ಲದ ಆಷಾಢದಲ್ಲಿ ಅದೇ ಮಾಲೀಕರು ಮೃದುವಾಗುತ್ತಾರೆ. ಖಾಸಗಿಯವರು ಕೈಯೆತ್ತಿದರೆ ಕೆಎಸ್‌ಆರ್‌ಟಿಸಿ ಡಿಪೊದಲ್ಲಿ ವಿಚಾರಿಸಬಹುದು. ಸಾಂದರ್ಭಿಕ ಒಪ್ಪಂದದ ಮೇಲೆ ಅವರೂ ಬಸ್ಸು ಕೊಡುತ್ತಾರೆ.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಹಳದಿ ಬೋರ್ಡು, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ವಿಮೆ ಇವಿಷ್ಟರ ಫೋಟೊವನ್ನು ಅಡ್ವಾನ್ಸ್ ಕೊಡುವ ಮೊದಲೇ ತರಿಸಿಕೊಳ್ಳಿ. ಪರಿಚಯದವರ ವೈಟ್ ಬೋರ್ಡ್ ಗಾಡಿ ಸಾವಿರ ರೂಪಾಯಿ ಕಡಿಮೆಗೆ ಬರಬಹುದು, ಅಪಘಾತವಾದರೆ ವಿಮೆಯವರು ಆ ಬಾಡಿಗೆಯ ಮಾತನ್ನೇ ಎತ್ತಿ ತಕರಾರು ತೆಗೆಯುತ್ತಾರೆ. ಪರ್ಮಿಟ್ಟಿಗಿಂತ ಹೆಚ್ಚು ಜನ ಹತ್ತಿದರೆ ಹೆಚ್ಚುವರಿ ತಲೆಗೆ 200 ರೂಪಾಯಿ ದಂಡ, ಮೇಲಾಗಿ ಅವರನ್ನು ದಾರಿಯಲ್ಲೇ ಇಳಿಸಿ ಬೇರೆ ವ್ಯವಸ್ಥೆ ಮಾಡಬೇಕು.

ಇಷ್ಟೆಲ್ಲ ಆದಮೇಲೆ ಉಳಿಯುವುದು ಸ್ಟಿಯರಿಂಗ್ ಹಿಡಿದವರು. ಒಳ್ಳೆಯ ಘಾಟಿ ಡ್ರೈವರನ್ನು ಗುರುತಿಸಬೇಕಾದರೆ ಇಳಿಜಾರಿನಲ್ಲಿ ಕಿವಿ ಕೊಡಿ. ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ, ವೇಗವನ್ನು ಇಂಜಿನ್ನಿಗೇ ಹಿಡಿಸುತ್ತಾರೆ; ಬ್ರೇಕನ್ನೇ ಒತ್ತಿಕೊಂಡು ಬಂದರೆ ಅದು ಕಾದು ಕೈಕೊಡುತ್ತದೆ ಎಂದು ಅವರಿಗೆ ಗೊತ್ತು. ಎದುರಿನಿಂದ ಹತ್ತುತ್ತಿರುವ ಗಾಡಿಗೆ ಮೊದಲು ದಾರಿ ಬಿಡುತ್ತಾರೆ, ನಿಯಮವೂ ಅದೇ. ತಿರುವು ಬರುವ ಮುಂಚೆಯೇ ವೇಗ ಇಳಿಸುವುದರಿಂದ ಹಿಂದೆ ಕೂತ ಅಜ್ಜಿಯ ತಲೆ ಕಿಟಕಿಗೆ ಬಡಿಯುವುದಿಲ್ಲ. ಎಲ್ಲಿ ಶೌಚಾಲಯ ಚೊಕ್ಕಟ, ಎಲ್ಲಿ ಇಡ್ಲಿ ಬಿಸಿ ಎಂಬುದು ಅವರ ತಲೆಯೊಳಗಿನ ನಕ್ಷೆಯಲ್ಲಿದೆ. ಹೆಂಗಸರು ಕೇಳಲು ಸಂಕೋಚಪಡುವ ಮೊದಲೇ ಅಲ್ಲಿ ತಾವಾಗಿ ನಿಲ್ಲಿಸುತ್ತಾರೆ.

ಅವರ ದುಡಿಮೆಗೂ ಕಾನೂನಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಯಾದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಎಂದಿತ್ತು. ನಾವು ಹಾಕಿಕೊಳ್ಳುವ ಪಟ್ಟಿಯಲ್ಲಿ ಮಾತ್ರ ಸೂರ್ಯೋದಯವೂ ಇರುತ್ತದೆ, ಸೂರ್ಯಾಸ್ತವೂ ಇರುತ್ತದೆ. ಎರಡು ಊರನ್ನು ಪಟ್ಟಿಯಿಂದ ತೆಗೆಯಿರಿ. ತಂಗುವ ಕಡೆ ರೂಮು ಬುಕ್ ಮಾಡುವಾಗ ಡ್ರೈವರಿಗೂ ಒಂದು ಹಾಸಿಗೆ ಸೇರಿಸಿ ಬುಕ್ ಮಾಡಿ. ಗಾಡಿಯ ಸೀಟಿನ ಮೇಲೆ ಸೊಳ್ಳೆ ಕಚ್ಚಿಸಿಕೊಂಡು ರಾತ್ರಿ ಕಳೆದವರ ಕೈಗೆ ಮರುದಿನ ಶಿರಾಡಿಯನ್ನು ಒಪ್ಪಿಸಬೇಡಿ.