ಗಾಜಿನ ತೊಟ್ಟಿಯ ಕವಚಧಾರಿ

ಮಂಗಳೂರಿನಿಂದ ಮೂಡುಬಿದಿರೆಯ ಹಾದಿ ಹಿಡಿದವರಿಗೆ ವಾಮಂಜೂರು ಅಪರಿಚಿತವಲ್ಲ. ಒಂದು ಮಗ್ಗುಲಲ್ಲಿ ಪಿಲಿಕುಳದ ನಿಸರ್ಗಧಾಮ. ಸ್ವಲ್ಪ ಮುಂದೆ ಸಾಗಿದರೆ ಗುರುಪುರದಲ್ಲಿ ಫಲ್ಗುಣಿ ನದಿ. ಹೊಸ ಮನೆಗಳು ಏಳುತ್ತಿರುವ ಇಂಥ ಊರುಗಳಲ್ಲಿ ಹಜಾರದ ಮೂಲೆಗೊಂದು ಮೀನಿನ ತೊಟ್ಟಿಯನ್ನಿಡುವ ಹವ್ಯಾಸವೂ ಬೆಳೆದಿದೆ. ಆ ತೊಟ್ಟಿಯಲ್ಲಿ ಹೊನ್ನಬಣ್ಣದ ಮೀನುಗಳು ಓಲಾಡುತ್ತಿದ್ದರೆ, ಮೈತುಂಬ ಕಪ್ಪು ಮಚ್ಚೆಗಳ ಒಂದು ಪುಟ್ಟ ಪ್ರಾಣಿ ಗಾಜಿಗೆ ಬಾಯನ್ನೊತ್ತಿಕೊಂಡು ಗಂಟೆಗಟ್ಟಲೆ ಅಲುಗಾಡದೆ ಇರುವುದನ್ನು ಅನೇಕರು ಕಂಡಿರಬಹುದು. ಅಂಗಡಿಯವರು ಇದನ್ನು ಸಕ್ಕರ್ ಮೀನೆಂದೂ, ಟ್ಯಾಂಕ್ ಕ್ಲೀನರ್ ಎಂದೂ ಕರೆದು ಮಾರುತ್ತಾರೆ. ‘ಇದಕ್ಕೆ ಬೇರೆ ಆಹಾರವೇ ಬೇಡ, ತೊಟ್ಟಿಯ ಕೊಳೆಯನ್ನು ತಿಂದು ಬದುಕುತ್ತದೆ’ ಎಂಬ ಮಾತನ್ನು ನಂಬಿ ಕೊಂಡು ತರುವವರೇ ಹೆಚ್ಚು. ಆ ಮಾತು ಎಷ್ಟು ನಿಜವೆಂಬುದನ್ನು ವಿಚಾರಿಸುವುದು ಮೀನಿಗೂ ಮನೆಯವರಿಗೂ ಹಿತ.

ದೂರದೇಶದ ಬಂಧು

ಈ ಮೀನಿನ ತವರು ದಕ್ಷಿಣ ಅಮೆರಿಕ. ಅಮೆಜಾನ್ ಮೊದಲಾದ ಮಹಾನದಿಗಳಲ್ಲಿ ಬಾಳುವ ಈ ಬೆಕ್ಕುಮೀನುಗಳ ಒಂದು ಜಾತಿಯನ್ನು ಸ್ವೀಡನ್ನಿನ ಲಿನೇಯಸ್ 1758ರಲ್ಲೇ ವರ್ಣಿಸಿ, ಪ್ಲೆಕೊಸ್ಟೊಮಸ್ ಎಂಬ ಹೆಸರಿತ್ತನು. ಮಡಿಸಿದ ಬಾಯಿ ಎಂದು ಅದರ ಅರ್ಥ. ಸೋಜಿಗವೆಂದರೆ, ಆತ ಇದನ್ನು ಸೇರಿಸಿದ್ದು ಸ್ಟರ್ಜನ್ ಮೀನುಗಳ ಗುಂಪಿಗೆ! ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದರ ದಾಯಾದಿಯಾದ ಟೆರಿಗೊಪ್ಲಿಕ್ತಿಸ್. ಬೆನ್ನಿನ ಈಜುರೆಕ್ಕೆಯ ಕಡ್ಡಿಗಳು ಹತ್ತು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದು ಟೆರಿಗೊಪ್ಲಿಕ್ತಿಸ್ ಎಂದು ತಿಳಿಯಬಹುದು.

ಇದರ ಮೈಮೇಲೆ ಹುರುಪೆಗಳಿಲ್ಲ. ಅವುಗಳ ಬದಲು ಸಾಲುಸಾಲಾಗಿ ಎಲುಬಿನ ಫಲಕಗಳು, ಪ್ರಾಚೀನ ಯೋಧನ ಕವಚದಂತೆ. ಬಾಯಿ ತಲೆಯ ಕೆಳಗಿದ್ದು, ತುಟಿಗಳು ತಟ್ಟೆಯಾಕಾರದಲ್ಲಿ ಹರಡಿಕೊಂಡಿವೆ. ಹರಿಯುವ ನೀರಿನಲ್ಲಿ ಕಲ್ಲನ್ನೋ ಕೊರಡನ್ನೋ ಹಿಡಿದು ನಿಲ್ಲುವುದಕ್ಕೂ, ಅದರ ಮೇಲಿನ ಪಾಚಿಯನ್ನು ಕೆರೆದು ತಿನ್ನುವುದಕ್ಕೂ ಈ ಬಾಯಿಯೇ ಸಾಧನ. ಕಣ್ಣಿನಲ್ಲಿಯೂ ಒಂದು ವಿಶೇಷವುಂಟು: ಬೆಳಕು ಹೆಚ್ಚಿದಾಗ ಪಾಪೆಯ ಮೇಲೆ ಪುಟ್ಟದೊಂದು ಮರೆ ಇಳಿಯುತ್ತದೆ, ಕತ್ತಲಾದಾಗ ಹಿಂದೆ ಸರಿಯುತ್ತದೆ. ಇದು ನಿಶಾಚರಿ. ನೀರಿನಲ್ಲಿ ಆಮ್ಲಜನಕ ಕಡಮೆಯಾದರೆ ಮೇಲೆ ಬಂದು ಗಾಳಿಯನ್ನು ನುಂಗುತ್ತದೆ. ಜಠರದ ಗೋಡೆಯೇ ಆಗ ಶ್ವಾಸಕೋಶದ ಕೆಲಸ ಮಾಡುತ್ತದೆ.

ಚೊಕ್ಕಟ ಮಾಡುವುದೋ, ಕೊಳೆ ಮಾಡುವುದೋ?

ಎಳೆಯ ಮೀನು ಗಾಜಿನ ಮೇಲಣ ಹಸುರು ಪಾಚಿಯನ್ನು ತಿನ್ನುವುದು ನಿಜ. ಆದರೆ ಸಾಧಾರಣ ತೊಟ್ಟಿಯ ಪಾಚಿ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಇತರ ಮೀನುಗಳ ಮಲವನ್ನು ಇದು ತಿನ್ನುವುದಿಲ್ಲ. ತದ್ವಿರುದ್ಧವಾಗಿ, ಸುರುಳಿ ಸುತ್ತಿದ ನೀಳ ಕರುಳುಳ್ಳ ಈ ಸಸ್ಯಾಹಾರಿ ಹಗಲಿರುಳೂ ದಾರದಂತಹ ಮಲವನ್ನು ಬಿಡುತ್ತಲೇ ಇರುವುದರಿಂದ ತೊಟ್ಟಿಯ ಕೊಳೆ ಹೆಚ್ಚಾಗುತ್ತದೆಯೇ ಹೊರತು ತಗ್ಗುವುದಿಲ್ಲ. ‘ತಾನೇ ತಿಂದುಕೊಳ್ಳುತ್ತದೆ’ ಎಂಬ ನಂಬಿಕೆಯಿಂದ ಹಸಿವೆಯಲ್ಲಿ ಸತ್ತ ಮೀನುಗಳಿಗೆ ಲೆಕ್ಕವಿಲ್ಲ. ಕವಚವು ಗಟ್ಟಿಯಾದುದರಿಂದ ಅದು ಸೊರಗಿದುದು ಮೇಲಿನಿಂದ ಕಾಣಿಸದು. ಗಾಜಿಗಂಟಿದಾಗ ಹೊಟ್ಟೆಯನ್ನು ನೋಡಬೇಕು. ಹೊಟ್ಟೆ ಒಳಕ್ಕೆ ಗುಳಿಬಿದ್ದಿದ್ದರೆ ಅದು ಉಪವಾಸದ ಗುರುತು. ಹಸಿದ ಮೀನು ರಾತ್ರಿಯ ವೇಳೆ ಜೊತೆಯ ಚಿನ್ನದ ಮೀನುಗಳ ಮೈಗಂಟಿ ಲೋಳೆಯನ್ನು ಕೆರೆದು ಗಾಯಮಾಡುವುದೂ ಉಂಟು.

ಆಹಾರಕ್ಕಾಗಿ ಹೆಚ್ಚು ಶ್ರಮಪಡಬೇಕಿಲ್ಲ. ಗೃಹಿಣಿಯ ತರಕಾರಿ ಬುಟ್ಟಿಯೇ ಸಾಕು. ಸೌತೆಕಾಯಿಯ ಹೋಳು, ಹರಿವೆ ಸೊಪ್ಪು, ಸಿಹಿಕುಂಬಳದ ತುಂಡು ಇವುಗಳನ್ನು ಕುದಿನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಆರಿಸಿ, ಸ್ಟೀಲಿನ ಚಮಚಕ್ಕೆ ಸಿಕ್ಕಿಸಿ ತಳಕ್ಕೆ ಬಿಡಬೇಕು. ಉಪ್ಪು, ಎಣ್ಣೆ, ಒಗ್ಗರಣೆ ಸೋಕಿದುದನ್ನು ಹಾಕಕೂಡದು. ಮುಳುಗುವ ಮಾತ್ರೆಯಾಹಾರವೂ ಅಂಗಡಿಯಲ್ಲಿ ಸಿಗುತ್ತದೆ. ದೀಪವಾರಿಸಿದ ಮೇಲೆ ಉಣಿಸಿ, ಉಳಿದುದನ್ನು ಮುಂಜಾನೆ ತೆಗೆದುಬಿಡಬೇಕು. ಚೆನ್ನಾಗಿ ನೆನೆಸಿದ ಮರದ ಕೊರಡೊಂದು ತೊಟ್ಟಿಯಲ್ಲಿದ್ದರೆ ಅದೇ ಇದಕ್ಕೆ ಹಗಲಿನ ಬಿಡಾರ, ಕೆರೆಯುವ ಹಲಗೆ.

ಲೆಕ್ಕದ ಮಾತು

ಅಂಗಡಿಯಲ್ಲಿ ಎರಡು ಮೂರು ಅಂಗುಲವಿರುವ ಈ ಮರಿ ಸರಿಯಾಗಿ ಉಂಡರೆ ಕೆಲವೇ ವರ್ಷಗಳಲ್ಲಿ ಒಂದಡಿಯನ್ನು ಮೀರುತ್ತದೆ. 40ರಿಂದ 50 ಸೆಂಟಿಮೀಟರ್ ಬೆಳೆಯುವುದೂ ಅಪರೂಪವಲ್ಲ. ಆಯುಸ್ಸು ಹತ್ತು ವರ್ಷಕ್ಕೂ ಹೆಚ್ಚು. ಈಗ ತೊಟ್ಟಿಯನ್ನು ಅಳೆಯೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವುದು ಸುಮಾರು 57 ಲೀಟರ್ ನೀರು. ಅದರಲ್ಲಿ ಒಂದಡಿಯ ಮೀನು ಹಿಂತಿರುಗಿ ಹೊರಳುವುದೇ ಕಷ್ಟ. ಬೆಳೆದ ಮೀನಿಗೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಬೇಕು. ಅದರ ನೀರೇ ಸುಮಾರು 680 ಲೀಟರ್. ಅಂದರೆ ಗಾಜು, ಮರಳುಗಳನ್ನು ಬಿಟ್ಟು 680 ಕಿಲೋ ಭಾರ. ಅಷ್ಟನ್ನು ಹೊರುವ ನೆಲವೂ, ಜಾಗವೂ ಎಲ್ಲರ ಮನೆಯಲ್ಲಿರುವುದಿಲ್ಲ.

ಹಾಗಾದರೆ ಸಣ್ಣ ತೊಟ್ಟಿಯವರು ಆಸೆಯನ್ನು ಬಿಡಬೇಕೇ? ಬೇಕಿಲ್ಲ. ಇದೇ ಕುಲದ ಬ್ರಿಸ್ಟಲ್‌ನೋಸ್ ಎಂಬ ಮೀನು ನಾಲ್ಕೈದು ಅಂಗುಲಕ್ಕೆ ನಿಲ್ಲುತ್ತದೆ. ಗಂಡಿನ ಮೂತಿಯ ಮೇಲೆ ಕವಲೊಡೆದ ಎಳೆಗಳಿರುವುದೇ ಅದರ ಗುರುತು. ಪಾಚಿ ತಿನ್ನುವುದರಲ್ಲಿ ಅದು ದೊಡ್ಡಣ್ಣನಿಗಿಂತ ಚುರುಕು. ಮೂರಡಿಯ ತೊಟ್ಟಿಯಲ್ಲಿ ನೆಮ್ಮದಿಯಾಗಿ ಬಾಳಬಲ್ಲುದು.

ಕರಾವಳಿಯ ನೀರು

22ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ ಇದಕ್ಕೆ ಒಪ್ಪುತ್ತದೆಯಾದುದರಿಂದ ಮಂಗಳೂರಿನ ಹವೆಯಲ್ಲಿ ಹೀಟರಿನ ಅಗತ್ಯ ಬೀಳದು. ಬೇಸಗೆಯಲ್ಲಿ ತೊಟ್ಟಿಯನ್ನು ಬಿಸಿಲಿನಿಂದ ಕಾಪಾಡಿದರಾಯಿತು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡಬೇಕು. ಮುರಕಲ್ಲಿನ ನೆಲದ ಬಾವಿನೀರು ಹಲವೆಡೆ ಆಮ್ಲೀಯವಾಗಿರುತ್ತದೆ. ಪಿ.ಎಚ್. ಪರೀಕ್ಷೆಯಲ್ಲಿ 6.5ಕ್ಕಿಂತ ಕೆಳಗೆ ಬಂದರೆ, ಬೇಯಿಸಿ ತೊಳೆದ ಮರುವಾಯಿ ಚಿಪ್ಪುಗಳನ್ನು ಪುಟ್ಟ ಚೀಲದಲ್ಲಿ ಫಿಲ್ಟರಿನ ಬಳಿ ಇಟ್ಟರೆ ನಿಧಾನವಾಗಿ ಸರಿಹೋಗುತ್ತದೆ.

ಹೊಸ ತೊಟ್ಟಿಗೆ ಅಂದೇ ಮೀನು ಬಿಡುವುದು ದೊಡ್ಡ ತಪ್ಪು. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯವೆಂಬ ವಿಷವನ್ನು ನೈಟ್ರೈಟ್, ಮುಂದೆ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆಮೇಲೂ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಗಾಳಿಯ ಪಂಪು ನಿಂತಾಗ ಸಕ್ಕರ್ ಮೀನು ಗಾಳಿ ನುಂಗಿ ಉಳಿದೀತು, ಜೊತೆಗಾರ ಮೀನುಗಳು ಉಳಿಯಲಾರವು. ಬ್ಯಾಟರಿಯ ಪಂಪೊಂದನ್ನು ಇಟ್ಟುಕೊಳ್ಳುವುದು ಲೇಸು. ಇದನ್ನು ಬಲೆಯಲ್ಲಿ ಹಿಡಿಯಕೂಡದು. ಈಜುರೆಕ್ಕೆಯ ಮುಳ್ಳುಗಳು ಬಲೆಗೆ ಸಿಕ್ಕಿ ಗಾಯವಾಗುತ್ತದೆ. ಪಾತ್ರೆಯಲ್ಲಿ ಮೊಗೆದು ತೆಗೆಯಬೇಕು.

ಹೊಳೆಗೆ ಬಿಡಬೇಡಿ

ಮೀನು ತೊಟ್ಟಿಯನ್ನು ಮೀರಿ ಬೆಳೆದಾಗ ಮನೆಯವರಿಗೆ ತೋಚುವ ಸುಲಭದ ದಾರಿ, ಹೊಳೆಗೋ ಕೆರೆಗೋ ಬಿಟ್ಟು ಬರುವುದು. ಜೀವವೊಂದನ್ನು ಉಳಿಸಿದೆವೆಂಬ ಸಮಾಧಾನವೂ ಅದರಲ್ಲಿರುತ್ತದೆ. ಆದರೆ ಪರಿಣಾಮ ಘೋರ. ತಿರುವನಂತಪುರದ ಕಾಲುವೆಯಲ್ಲಿ, ಆಂಧ್ರದ ನೀರುಗಳಲ್ಲಿ, 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿಯೂ ಈ ಕವಚಧಾರಿ ಕಾಣಿಸಿಕೊಂಡಿದೆ. ಗಂಡುಮೀನು ದಡದ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆಗಳನ್ನು ಕಾಯುತ್ತದೆ. ಬಿಲಗಳಿಂದ ದಡ ಕುಸಿಯುತ್ತದೆ. ಮುಳ್ಳುಗಳಿಂದ ಬೆಸ್ತರ ಬಲೆ ಹರಿಯುತ್ತದೆ. ಮೆಕ್ಸಿಕೊ ದೇಶದ ಇನ್‌ಫಿಯರ್ನಿಯೊ ಜಲಾಶಯದಲ್ಲಿ ತಿಲಾಪಿಯ ಮೀನುಗಾರಿಕೆಯನ್ನೇ ನೆಚ್ಚಿದ್ದ ಬೆಸ್ತರ ಬಲೆಗಳಲ್ಲಿ, ಈ ಶತಮಾನದ ಆರಂಭದ ವರ್ಷಗಳಲ್ಲಿ, ಯಾರೂ ಕೊಳ್ಳದ ಈ ಮೀನೇ ತುಂಬತೊಡಗಿ ಅವರ ಜೀವನೋಪಾಯಕ್ಕೆ ಪೆಟ್ಟುಬಿದ್ದಿತು.

ಫಲ್ಗುಣಿಯೂ ನೇತ್ರಾವತಿಯೂ ಪಶ್ಚಿಮ ಘಟ್ಟದಿಂದ ಇಳಿದು ಬರುವ ನದಿಗಳು. ಕಲ್ಲನ್ನು ಹಿಡಿದು ಪಾಚಿ ತಿನ್ನುವ ನಮ್ಮವೇ ಆದ ಪುಟ್ಟ ಮೀನುಗಳು ಘಟ್ಟದ ತೊರೆಗಳಲ್ಲಿವೆ. ಅವುಗಳ ತುತ್ತಿಗೆ ಈ ಹೊರಗಿನದು ಪಾಲುಗಾರನಾಗಬಲ್ಲುದು. ಅಳಿವೆಯ ಸವಳು ನೀರನ್ನೂ ಇದು ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತದೆ. ತೋಟದ ಕೆರೆಗೆ ಬಿಟ್ಟರಾಗದೇ ಎಂದರೆ, ಆಟಿಯ ಮಳೆಗೆ ಕೆರೆ ಕೋಡಿ ಹರಿದು ತೋಡು ಸೇರುತ್ತದೆ; ತೋಡು ಹೊಳೆಯನ್ನು ಸೇರುತ್ತದೆ.

ಶಿಶಿಲದ ಕಪಿಲಾ ನದಿಯಲ್ಲಿ ದೇವರ ಮೀನುಗಳೆಂದು ಭಕ್ತಿಯಿಂದ ಸಲಹುವ ಜಿಲ್ಲೆ ಇದು. ಅದೇ ಅಕ್ಕರೆ ಊರಿನ ಎಲ್ಲ ಹೊಳೆಗಳಿಗೂ ಸಲ್ಲತಕ್ಕದ್ದು. ಸಾಕಲಾಗದ ಮೀನನ್ನು ಅಂಗಡಿಗೆ ಹಿಂತಿರುಗಿಸಬಹುದು, ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಒಪ್ಪಿಸಬಹುದು. ಎಲ್ಲಕ್ಕಿಂತ ಉತ್ತಮವಾದುದು, ಕೊಳ್ಳುವ ಮೊದಲೇ ಮನೆಯ ತೊಟ್ಟಿಯನ್ನು ಅಳೆದು, ಅದಕ್ಕೆ ತಕ್ಕ ಮೀನನ್ನು ತರುವುದು.