ಎಣಿಕೆಗೆ ಬಾರದ ಅಸಮಾಧಾನ

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಎಸೆಕ್ಸ್ ಪ್ರಾಂತದ ಕ್ಲಾಕ್ಟನ್ ಪಟ್ಟಣದ ಮಗ್ಗುಲಲ್ಲಿ, ಜೇವಿಕ್ ಎಂಬ ಸಣ್ಣ ಊರೊಂದುಂಟು. ಲಂಡನ್ನಿನ ಶ್ರಮಜೀವಿ ಕುಟುಂಬಗಳು ಬೇಸಗೆಯಲ್ಲಿ ನಾಲ್ಕು ದಿನ ಬಂದು ಕಡಲ ಗಾಳಿ ಸೇವಿಸಿ ಹೋಗಲೆಂದು 1930ರ ದಶಕದಲ್ಲಿ ಅಲ್ಲಿ ಹಗುರವಾದ ಪುಟ್ಟ ಪುಟ್ಟ ಮನೆಗಳೆದ್ದವು. ಬೀದಿಗಳಿಗೆ ಬೆಂಟ್ಲಿ, ಆಸ್ಟಿನ್, ಹಿಲ್‌ಮನ್, ಸನ್‌ಬೀಮ್ ಎಂದು ಆ ಕಾಲದ ಮೋಟಾರು ಕಾರುಗಳ ಹೆಸರುಗಳನ್ನಿಟ್ಟರು. ಬೇಸಗೆಗೆಂದು ಕಟ್ಟಿದ ಆ ಮನೆಗಳಲ್ಲಿ ಕಾಲಕ್ರಮದಲ್ಲಿ ಜನ ವರ್ಷವಿಡೀ ನೆಲಸಿದರು; ವಿಹಾರಕ್ಕೆ ಬರುತ್ತಿದ್ದವರಾದರೋ ಅಗ್ಗದ ವಿಮಾನ ಹಿಡಿದು ಸ್ಪೇನಿನ ಬಿಸಿಲಿಗೆ ಹೊರಟುಹೋದರು; ಅವರನ್ನು ನಂಬಿದ್ದ ದುಡಿಮೆಯೂ ಅವರ ಹಿಂದೆಯೇ ಹೋಯಿತು. ಅಭಾವಗಳನ್ನು ಅಳೆಯುವುದಕ್ಕಾಗಿ ಸರ್ಕಾರವೇ ಸಿದ್ಧಪಡಿಸುವ ಪಟ್ಟಿಯಲ್ಲಿ, 2010, 2015, 2019 ಈ ಮೂರು ಬಾರಿಯೂ, ಸಮಸ್ತ ಇಂಗ್ಲೆಂಡಿನಲ್ಲಿ ಅತ್ಯಂತ ಹಿಂದುಳಿದ ನೆರೆಹೊರೆಯೆಂದು ಗುರುತಾದದ್ದು ಜೇವಿಕ್ಕಿನ ಒಂದು ಭಾಗ. ಈ ಊರನ್ನೊಳಗೊಂಡ ಕ್ಲಾಕ್ಟನ್ ಕ್ಷೇತ್ರವೇ 2014ರ ಅಕ್ಟೋಬರ್ 9ರ ಉಪಚುನಾವಣೆಯಲ್ಲಿ ಯುಕೆಐಪಿ ಎಂಬ ಅಂಚಿನ ಪಕ್ಷಕ್ಕೆ ಅದರ ಪ್ರಥಮ ಚುನಾಯಿತ ಪಾರ್ಲಿಮೆಂಟ್ ಸದಸ್ಯನನ್ನು ಕೊಟ್ಟಿತು; ಹತ್ತು ವರ್ಷದ ತರುವಾಯ, ಅದಕ್ಕೆ ಮೊದಲು ಏಳು ಸಲ ಸೋತಿದ್ದ, ಆ ಪಕ್ಷದ ಮಾಜಿ ನಾಯಕ ನೈಜೆಲ್ ಫರಾಜ್‌ನನ್ನು ಎಂಟನೆಯ ಪ್ರಯತ್ನದಲ್ಲಿ ವೆಸ್ಟ್‌ಮಿನ್‌ಸ್ಟರಿಗೆ ಕಳುಹಿಸಿದ್ದೂ ಅದೇ ಕ್ಷೇತ್ರ.

ಇಂಥ ಫಲಿತಾಂಶ ಹೊರಬಿದ್ದ ಮರುದಿನ ಎರಡು ಬಗೆಯ ಆತುರದ ತೀರ್ಪುಗಳು ಕೇಳಿಬರುವುದು ವಾಡಿಕೆ. ಮಾತುಗಾರನೊಬ್ಬನ ಮೋಡಿಗೆ ಮುಗ್ಧ ಜನ ಮರುಳಾದರೆಂದು ಒಂದು ಪಕ್ಷ. ಕೊನೆಗೂ ಜನ ಎಚ್ಚೆತ್ತರೆಂದು ಇನ್ನೊಂದು ಪಕ್ಷ. ವಿಚಾರ ಮಾಡಿ ನೋಡಿದವರಿಗೆ ತೋರುವುದೇನೆಂದರೆ, ಮತದಾರನ ಅಸಮಾಧಾನವು ಈ ಪಕ್ಷಗಳಿಗಿಂತಲೂ ಈ ನಾಯಕರಿಗಿಂತಲೂ ಹಳೆಯದು. ಅದು ಬಹುಕಾಲ ಯಾವ ಲೆಕ್ಕದ ಪುಸ್ತಕಕ್ಕೂ ಏರದೆ ಉಳಿದಿತ್ತು. ಹಾಗೆ ಏರದಂತೆ ನೋಡಿಕೊಂಡದ್ದು ಬ್ರಿಟನ್ನಿನ ಚುನಾವಣಾ ಪದ್ಧತಿ, ಮತ್ತು ಆ ಪದ್ಧತಿಯ ನೆರಳಿನಲ್ಲಿ ನಿಶ್ಚಿಂತರಾಗಿದ್ದ ಹಿರಿಯ ಪಕ್ಷಗಳು.

1951ರ ಮಹಾಚುನಾವಣೆಯಲ್ಲಿ ಮತವಿತ್ತ ನೂರು ಮಂದಿಯಲ್ಲಿ ಸುಮಾರು 97 ಮಂದಿ ಕನ್ಸರ್ವೇಟಿವ್ ಪಕ್ಷಕ್ಕೋ ಲೇಬರ್ ಪಕ್ಷಕ್ಕೋ ಮತವಿತ್ತರು. 2024ರ ಚುನಾವಣೆಯಲ್ಲಿ ಹಾಗೆ ಮಾಡಿದವರು ನೂರಕ್ಕೆ 57 ಮಂದಿ. ಈ ಎರಡು ಅಂಕೆಗಳ ನಡುವೆ ಒಂದು ಸಮಾಜವೇ ಮಾರ್ಪಟ್ಟಿದೆ. ಗಣಿಯಲ್ಲಿ ದುಡಿಯುವವನ ಮಗ ಗಣಿಗೇ ಇಳಿದು, ತಂದೆಯ ಕಾರ್ಮಿಕ ಸಂಘಕ್ಕೇ ಸೇರಿ, ತಂದೆ ಗುರುತು ಹಾಕಿದ ಪಕ್ಷಕ್ಕೇ ತಾನೂ ಗುರುತು ಹಾಕುತ್ತಿದ್ದ ಕಾಲದಲ್ಲಿ ಮತವೆಂಬುದು ಪಿತ್ರಾರ್ಜಿತ ಆಸ್ತಿಯಂತೆ ತಲೆಯಿಂದ ತಲೆಗೆ ಇಳಿದು ಬರುತ್ತಿತ್ತು. 1984–85ರ ದೀರ್ಘ ಮುಷ್ಕರದಲ್ಲಿ ಗಣಿಕಾರ್ಮಿಕರು ಸೋತರು. ಗಣಿಗಳು ಒಂದೊಂದಾಗಿ ಮುಚ್ಚಿ, 2015ರ ಡಿಸೆಂಬರಿನಲ್ಲಿ ಯಾರ್ಕ್‌ಷೈರಿನ ಕೆಲಿಂಗ್ಲಿಯ ಕೊನೆಯ ಆಳಗಣಿಯೂ ಬಾಗಿಲೆಳೆದುಕೊಂಡಿತು. ಸಂಘ ಹೋದಲ್ಲಿ ಸಂಘದ ನಿಷ್ಠೆಯೂ ಹೋಗುವುದು ಸ್ವಾಭಾವಿಕ. ಅತ್ತ ಟೋನಿ ಬ್ಲೇರ್‌ನ ಕಾಲದಿಂದ ಲೇಬರ್ ಪಕ್ಷವು ನಡುಹಾದಿಗೆ ಸರಿದು ನಗರವಾಸಿ ಮಧ್ಯಮ ವರ್ಗದ ಒಲವನ್ನು ಅರಸತೊಡಗಿತು. ಹಳೆಯ ಕಾರ್ಮಿಕ ಕ್ಷೇತ್ರಗಳವರು ಎಲ್ಲಿಗೂ ಹೋಗಲಾರರೆಂಬ ಭರವಸೆ ಅದಕ್ಕಿತ್ತು.

ಅವರು ಒಡನೆಯೇ ಎಲ್ಲಿಗೂ ಹೋಗಲಿಲ್ಲವೆಂಬುದು ನಿಜ, ಮನೆಯಲ್ಲಿಯೇ ಉಳಿದರು. 1950ರಲ್ಲಿ ಶೇಕಡಾ 84ರಷ್ಟಿದ್ದ ಮತದಾನ 2001ರಲ್ಲಿ ಶೇಕಡಾ 59ಕ್ಕೆ ಇಳಿಯಿತು. 1918ರಿಂದೀಚೆಗೆ ಅಷ್ಟು ಕಡಮೆ ಮತದಾನವನ್ನು ಆ ದೇಶ ಕಂಡಿರಲಿಲ್ಲ. ಆದರೂ ಗೆದ್ದವರ ಬಹುಮತ ಪ್ರಚಂಡವಾಗಿದ್ದುದರಿಂದ ಈ ಮೌನದ ಅರ್ಥವೇನೆಂದು ಕೇಳುವ ವ್ಯವಧಾನ ಹೆಚ್ಚಿನವರಿಗೆ ಇರಲಿಲ್ಲ.

ಅಂಚಿನ ಪಕ್ಷವೆಂದರೆ ಆವರೆಗೆ ಬ್ರಿಟಿಷ್ ಜನಕ್ಕೆ ಬಹುಮಟ್ಟಿಗೆ ವಿನೋದದ ವಸ್ತು. ಅಲ್ಲಿ ಎಣಿಕೆ ಮುಗಿದ ರಾತ್ರಿ ಅಭ್ಯರ್ಥಿಗಳೆಲ್ಲರೂ, ತಂತಮ್ಮ ಪಕ್ಷದ ಬಣ್ಣದ ರಿಬ್ಬನ್ ಹೂವನ್ನು ಎದೆಗೆ ಸಿಕ್ಕಿಸಿಕೊಂಡು, ಒಂದೇ ವೇದಿಕೆಯ ಮೇಲೆ ಸಾಲಾಗಿ ನಿಲ್ಲುವ ಸಂಪ್ರದಾಯವುಂಟು; 2017ರಲ್ಲಿ ಪ್ರಧಾನಮಂತ್ರಿ ತೆರೇಸಾ ಮೇ ತಮ್ಮ ಕ್ಷೇತ್ರದ ಫಲಿತಾಂಶವನ್ನು ಕೇಳಲು ನಿಂತ ವೇದಿಕೆಯ ಮೇಲೆ, ಬಕೆಟ್ಟಿನಂಥ ಕರಿಯ ಶಿರಸ್ತ್ರಾಣದಲ್ಲಿ ತಲೆ ಹುದುಗಿಸಿಕೊಂಡ ‘ಲಾರ್ಡ್ ಬಕೆಟ್‌ಹೆಡ್’ ಎಂಬ ಅಭ್ಯರ್ಥಿಯೂ ಅಷ್ಟೇ ಗಾಂಭೀರ್ಯದಿಂದ ನಿಂತಿದ್ದನು. 500 ಪೌಂಡ್ ಠೇವಣಿ ಕಟ್ಟಿದವರು ಯಾರಾದರೂ ಸ್ಪರ್ಧಿಸಬಹುದು; ಶೇಕಡಾ 5ರಷ್ಟು ಮತ ಬಾರದಿದ್ದರೆ ಠೇವಣಿ ಮುಟ್ಟುಗೋಲು. ಹಾಡುಗಾರ ಡೇವಿಡ್ ಸಚ್ 1980ರ ದಶಕದ ಆರಂಭದಲ್ಲಿ ಕಟ್ಟಿದ ‘ಮಾನ್‌ಸ್ಟರ್ ರೇವಿಂಗ್ ಲೂನಿ’ ಪಕ್ಷವು ತಾನು ಹುಚ್ಚರ ಪಕ್ಷವೆಂದು ಹೆಸರಿನಲ್ಲಿಯೇ ಸಾರಿಕೊಂಡು, ಚುನಾವಣೆಯಿಂದ ಚುನಾವಣೆಗೆ ಠೇವಣಿ ಕಳೆದುಕೊಳ್ಳುತ್ತ ಬಂದಿತು. ಆದರೆ ವಿನೋದಕ್ಕೂ ಹರಿತವುಂಟು. 1990ರಲ್ಲಿ ಬೂಟಲ್ ಉಪಚುನಾವಣೆಯಲ್ಲಿ ಸಚ್‌ನಿಗೆ 418 ಮತಗಳು ಬಂದು, ಮಾಜಿ ವಿದೇಶಾಂಗ ಸಚಿವ ಡೇವಿಡ್ ಓವನ್ ನಡೆಸುತ್ತಿದ್ದ ಸೋಷಿಯಲ್ ಡೆಮಾಕ್ರಾಟಿಕ್ ಪಕ್ಷಕ್ಕೆ 155 ಮಾತ್ರ ದೊರೆತಾಗ, ಆ ಪಕ್ಷವು ಕೆಲವೇ ದಿನಗಳಲ್ಲಿ ಅಂಗಡಿ ಮುಚ್ಚಿತು.

ಹೊಸ ಪಕ್ಷಗಳು ಅಲ್ಲಿ ಬೆಳೆಯದಿದ್ದುದಕ್ಕೆ ಜನರ ನಿರಾಕರಣೆಯೊಂದೇ ಕಾರಣವೆಂದು ತಿಳಿಯಬಾರದು. ಕ್ಷೇತ್ರದಲ್ಲಿ ಯಾರಿಗೆ ಒಂದು ಮತ ಹೆಚ್ಚೋ ಅವನೇ ಗೆದ್ದವನು, ಉಳಿದವರ ಮತಗಳೆಲ್ಲ ವ್ಯರ್ಥ ಎಂಬ ಪದ್ಧತಿ ನಮಗೆ ಅಪರಿಚಿತವಲ್ಲ. ನಮ್ಮ ಸಂವಿಧಾನಕರ್ತರು ಬ್ರಿಟನ್ನಿನಿಂದ ಅದನ್ನೇ ತಂದರು. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಶೇಕಡಾ 38 ಮತ ಪಡೆದ ಕಾಂಗ್ರೆಸ್ಸಿಗೆ ಸುಮಾರು 80 ಸ್ಥಾನಗಳೂ ಶೇಕಡಾ 36 ಮತ ಪಡೆದ ಭಾರತೀಯ ಜನತಾ ಪಕ್ಷಕ್ಕೆ 104 ಸ್ಥಾನಗಳೂ ಬಂದದ್ದು ಈ ಪದ್ಧತಿಯ ಮಹಿಮೆಯಿಂದಲೇ. ಮತಗಳು ಒಂದೆಡೆ ಗುಂಪಾಗಿದ್ದರೆ ಲಾಭ, ನಾಡೆಲ್ಲ ತೆಳುವಾಗಿ ಹರಡಿಕೊಂಡಿದ್ದರೆ ನಷ್ಟ. 1983ರಲ್ಲಿ ಲೇಬರ್ ಪಕ್ಷವು ಶೇಕಡಾ 28ರ ಹತ್ತಿರದ ಮತಕ್ಕೆ 209 ಸ್ಥಾನಗಳನ್ನು ಪಡೆದರೆ, ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಾಟರ ಕೂಟಕ್ಕೆ ಶೇಕಡಾ 25 ಮತ ಬಂದರೂ ಸ್ಥಾನಗಳು 23 ಮಾತ್ರ. ಇಂಥ ಕಡೆ ಮತದಾರನು ತನ್ನ ಮೆಚ್ಚಿನವನನ್ನು ಬಿಟ್ಟು, ಗೆಲ್ಲಬಲ್ಲ ಇಬ್ಬರಲ್ಲಿ ಕಡಮೆ ಕೆಟ್ಟವನಿಗೆ ಮತ ಹಾಕುವುದನ್ನು ಕಲಿಯುತ್ತಾನೆ. ತೂಬು ಮುಚ್ಚಿದ ಕೆರೆಯಲ್ಲಿ ನೀರು ಹೊರಗೆ ಹರಿಯುವುದು ಕಾಣದೆಂದು ಒಳಹರಿವು ನಿಂತಿದೆಯೆಂದು ಭ್ರಮಿಸುವುದು ಎಷ್ಟು ಕ್ಷೇಮವೋ, ಸ್ಥಾನ ದೊರೆಯದ ಅಸಮಾಧಾನವನ್ನು ಇಲ್ಲವೆಂದು ಎಣಿಸುವುದೂ ಅಷ್ಟೇ ಕ್ಷೇಮ.

ಒಳಹರಿವಿಗೆ ಕಾರಣಗಳು ಒಂದರ ಮೇಲೊಂದು ಬಂದವು. 2004ರಲ್ಲಿ ಪೂರ್ವ ಯೂರೋಪಿನ ಎಂಟು ದೇಶಗಳು ಯೂರೋಪಿನ ಒಕ್ಕೂಟವನ್ನು ಸೇರಿದಾಗ, ಅಲ್ಲಿಂದ ವರ್ಷಕ್ಕೆ ಹೆಚ್ಚೆಂದರೆ 13,000 ಮಂದಿ ಬಂದು ನಿಲ್ಲಬಹುದೆಂಬ ಅಂದಾಜನ್ನು ಸರ್ಕಾರ ಮುಂದಿಟ್ಟಿತ್ತು. ಬಂದವರ ಸಂಖ್ಯೆ ಅದನ್ನು ಎಷ್ಟೋ ಪಾಲು ಮೀರಿತು. ಬಂದವರು ದುಡಿದು ತಿನ್ನುವವರಾಗಿದ್ದರೂ, ಲಿಂಕನ್‌ಷೈರಿನ ತರಕಾರಿ ಹೊಲಗಳ ನಡುವಣ ಬಾಸ್ಟನ್‌ನಂಥ ಪಟ್ಟಣಗಳಲ್ಲಿ ಬಾಡಿಗೆ ಮನೆ, ಶಾಲೆ, ವೈದ್ಯರ ಸರದಿ ಇವೆಲ್ಲದರ ಮೇಲೆ ಒತ್ತಡ ಬಿತ್ತು. ಅದನ್ನು ಕುರಿತು ಬಾಯಿತೆರೆದವನಿಗೆ ಸಮಾಧಾನಕ್ಕಿಂತ ಮೊದಲು ದೊರೆಯುತ್ತಿದ್ದುದು ಸಂಕುಚಿತ ಬುದ್ಧಿಯವನೆಂಬ ಬಿರುದು. 2008ರಲ್ಲಿ ಬ್ಯಾಂಕುಗಳು ಕುಸಿದು, ಸಾರ್ವಜನಿಕರ ಹಣದಿಂದ ಅವುಗಳನ್ನು ಎತ್ತಿ ನಿಲ್ಲಿಸಬೇಕಾಯಿತು. ಅದರ ಬೆನ್ನಿಗೇ, 2009ರ ಮೇ ತಿಂಗಳಿನಲ್ಲಿ, ಡೇಲಿ ಟೆಲಿಗ್ರಾಫ್ ಪತ್ರಿಕೆಯು ಪಾರ್ಲಿಮೆಂಟ್ ಸದಸ್ಯರ ಭತ್ಯೆಯ ಲೆಕ್ಕಗಳನ್ನು ದಿನಕ್ಕಿಷ್ಟರಂತೆ ಬಯಲಿಗೆಳೆಯಿತು. ಒಬ್ಬ ಸದಸ್ಯನು ಕೊಳದಲ್ಲಿ ತೇಲುವ ಬಾತುಕೋಳಿಯ ಗೂಡಿಗೆಂದು 1,645 ಪೌಂಡ್ ಕೇಳಿದ್ದನು. ಇನ್ನೊಬ್ಬನ ಖರ್ಚಿನ ಪಟ್ಟಿಯಲ್ಲಿ ಹಳೆಯ ಬಂಗಲೆಯ ಕಂದಕವನ್ನು ಶುಚಿಮಾಡಿಸಿದ ಬಾಬೂ ಕಾಣಿಸಿತು. ಗೂಡಿನ ಹಣವನ್ನು ಕಚೇರಿ ಮಂಜೂರು ಮಾಡಿರಲಿಲ್ಲ. ಆದರೆ ಕೇಳಿದನೆಂಬುದೇ ಸಾಕಾಯಿತು. ಸಭಾಧ್ಯಕ್ಷ ಮೈಕೇಲ್ ಮಾರ್ಟಿನ್ ಪದತ್ಯಾಗ ಮಾಡಬೇಕಾಯಿತು. 1695ರಿಂದೀಚೆಗೆ ಆ ಪೀಠದಿಂದ ಹಾಗೆ ಬಲವಂತವಾಗಿ ಇಳಿದವರು ಇರಲಿಲ್ಲ. ಕೆಲವು ಸದಸ್ಯರು ಸುಳ್ಳು ಲೆಕ್ಕಕ್ಕಾಗಿ ಸೆರೆಮನೆಗೂ ಹೋದರು.

ಆ ತೂಬು ಮೊದಲು ತೆರೆದ ಜಾಗವೂ ವಿಚಿತ್ರವಾದದ್ದು. ಯೂರೋಪಿನ ಪಾರ್ಲಿಮೆಂಟಿಗೆ ನಡೆಯುವ ಚುನಾವಣೆಯಲ್ಲಿ ಬ್ರಿಟನ್ 1999ರಿಂದ ಪ್ರಮಾಣಾನುಸಾರ ಪ್ರಾತಿನಿಧ್ಯವನ್ನು ಅಂಗೀಕರಿಸಿತ್ತು. ಅಲ್ಲಿ ಎಷ್ಟು ಮತವೋ ಹೆಚ್ಚುಕಡಮೆ ಅಷ್ಟು ಸ್ಥಾನ. ಯೂರೋಪಿನಿಂದ ಹೊರಬರಬೇಕೆಂದೇ 1993ರಲ್ಲಿ ಇತಿಹಾಸದ ಅಧ್ಯಾಪಕ ಅಲನ್ ಸ್ಕೆಡ್ ಸ್ಥಾಪಿಸಿದ ಯುಕೆಐಪಿ ಪಕ್ಷಕ್ಕೆ ಸಂಬಳವನ್ನೂ ವೇದಿಕೆಯನ್ನೂ ಒದಗಿಸಿದ್ದು ಅದೇ ಯೂರೋಪಿನ ಸಭೆ. 1999ರಲ್ಲಿ 3 ಸ್ಥಾನ, 2004ರಲ್ಲಿ 12, ಭತ್ಯೆಯ ಹಗರಣದ ಮರುತಿಂಗಳಲ್ಲೇ 13 ಸ್ಥಾನಗಳೊಡನೆ ಆಳುವ ಲೇಬರ್ ಪಕ್ಷವನ್ನು ಮೂರನೆಯ ಸ್ಥಾನಕ್ಕೆ ತಳ್ಳಿದ ಗೆಲುವು, 2014ರಲ್ಲಿ 24 ಸ್ಥಾನಗಳೊಡನೆ ಎಲ್ಲರಿಗಿಂತ ಮುಂದೆ: ಏರಿದ ಮೆಟ್ಟಿಲುಗಳಿವು. ಅವರ ಮತದಾರರು ಯಾರೆಂಬುದನ್ನು ರಾಬರ್ಟ್ ಫೋರ್ಡ್ ಮತ್ತು ಮ್ಯಾಥ್ಯೂ ಗುಡ್ವಿನ್ ಎಂಬ ವಿದ್ವಾಂಸರು ಅದೇ ವರ್ಷ ಪರಿಶೀಲಿಸಿ, ವಯಸ್ಸಾದ, ಹೆಚ್ಚು ಓದಿಲ್ಲದ, ಕೈದುಡಿಮೆಯ ಬಿಳಿಯ ಜನ, ಕಾಲವು ತಮ್ಮನ್ನು ಹಿಂದೆ ಬಿಟ್ಟು ನಡೆದುಹೋಯಿತೆಂದು ಭಾವಿಸುವವರು ಎಂದು ನಿರೂಪಿಸಿದರು.

2006ರಲ್ಲಿ ಈ ಪಕ್ಷದವರನ್ನು ತಿಕ್ಕಲರೆಂದೂ ಗುಪ್ತ ಜನಾಂಗದ್ವೇಷಿಗಳೆಂದೂ ಹೀಗಳೆದ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರನ್, 2013ರ ಜನವರಿಯಲ್ಲಿ, ಪ್ರಧಾನಿಯಾಗಿ, ಅವರ ಮೂಲ ಬೇಡಿಕೆಯನ್ನೇ ಜನಮತಕ್ಕೆ ಇಡುವ ವಾಗ್ದಾನ ಮಾಡಿದನು. 2015ರ ಚುನಾವಣೆಯಲ್ಲಿ ಯುಕೆಐಪಿಗೆ ಬಂದ ಮತಗಳು 38 ಲಕ್ಷಕ್ಕೂ ಮಿಗಿಲು, ಸ್ಥಾನ ಒಂದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಪಕ್ಷಕ್ಕೆ ಬಂದ ಮತಗಳು ಸುಮಾರು 14.5 ಲಕ್ಷ, ಸ್ಥಾನ 56. ಆದರೆ 120 ಕ್ಷೇತ್ರಗಳಲ್ಲಿ ಎರಡನೆಯದಾಗಿ ನಿಂತ ಪಕ್ಷವನ್ನು ಕಂಡು ಹೆದರಿದವರಿಗೆ ಅದರ ಸ್ಥಾನಸಂಖ್ಯೆ ಸಾಂತ್ವನವಾಗಲಿಲ್ಲ. 2016ರ ಜೂನ್ 23ರಂದು, ಶೇಕಡಾ 72 ಮಂದಿ ಮತಗಟ್ಟೆಗೆ ಬಂದು, ಶೇಕಡಾ 51.9ರಷ್ಟು ಮತದಿಂದ ಯೂರೋಪನ್ನು ತೊರೆಯುವ ನಿರ್ಣಯವಾಯಿತು. ಬಾಸ್ಟನ್ನಿನಲ್ಲಿ ಆ ಪ್ರಮಾಣ ಶೇಕಡಾ 75ನ್ನು ಮೀರಿತು. ಪ್ರತಿಯೊಂದು ಮತಕ್ಕೂ ಸಮನಾದ ಬೆಲೆಯಿದ್ದ ಆ ದಿನ, ಸುರಕ್ಷಿತ ಕ್ಷೇತ್ರಗಳೆಂದು ಯಾರೂ ಕಣ್ಣೆತ್ತಿ ನೋಡದಿದ್ದ ಊರುಗಳು ದೇಶದ ದಿಕ್ಕನ್ನು ತಿರುಗಿಸಿದವು. ಒಬ್ಬನೇ ಸದಸ್ಯನುಳ್ಳ ಪಕ್ಷವು ಅರ್ಧ ಶತಮಾನದಲ್ಲಿ ಹಿರಿಯ ಪಕ್ಷಗಳು ಮಾಡಿದ್ದಕ್ಕಿಂತ ದೊಡ್ಡ ಬದಲಾವಣೆಯನ್ನು ಹಾಗೆ ಮಾಡಿಸಿತು.

ಗುರಿ ಮುಟ್ಟಿದ ಮೇಲೆ ಆ ಪಕ್ಷ ಕರಗಿಹೋಯಿತು; ಅಸಮಾಧಾನ ಕರಗಲಿಲ್ಲ. ಫರಾಜ್ ಕಟ್ಟಿದ ಬ್ರೆಕ್ಸಿಟ್ ಪಕ್ಷವು 2019ರ ಯೂರೋಪಿನ ಚುನಾವಣೆಯಲ್ಲಿ ಮೊದಲನೆಯದಾಗಿ, ಆಳುತ್ತಿದ್ದ ಕನ್ಸರ್ವೇಟಿವರು ಐದನೆಯವರಾದರು. ಆ ಪಕ್ಷವೇ ರಿಫಾರ್ಮ್ ಎಂಬ ಹೆಸರು ತಳೆದು, 2024ರಲ್ಲಿ 41 ಲಕ್ಷ ಮತ ಗಳಿಸಿ 5 ಸ್ಥಾನ ಪಡೆಯಿತು. 35 ಲಕ್ಷ ಮತ ಪಡೆದ ಲಿಬರಲ್ ಡೆಮಾಕ್ರಾಟರಿಗೆ 72 ಸ್ಥಾನ. ಶೇಕಡಾ 34ರ ಹತ್ತಿರದ ಮತದಿಂದ ಲೇಬರ್ ಪಕ್ಷಕ್ಕೆ 650ರಲ್ಲಿ 411. ಎಡಗಡೆಯ ಅಸಮಾಧಾನವೂ ಗ್ರೀನ್ ಪಕ್ಷಕ್ಕೆ 4 ಸ್ಥಾನಗಳನ್ನು ತಂದಿತು. ಮರುವರ್ಷದ ಮೇ ತಿಂಗಳಿನ ಸ್ಥಳೀಯ ಚುನಾವಣೆಗಳಲ್ಲಿ ಕೆಂಟ್, ಲಿಂಕನ್‌ಷೈರ್, ಡರಮ್ ಮೊದಲಾದ 10 ಸ್ಥಳೀಯ ಆಡಳಿತಗಳು ರಿಫಾರ್ಮ್ ಪಕ್ಷದ ವಶವಾದವು. ಅದೇ ದಿನದ ರಂಕಾರ್ನ್ ಉಪಚುನಾವಣೆಯಲ್ಲಿ ಅದು ಲೇಬರ್ ಪಕ್ಷವನ್ನು ಸೋಲಿಸಿದ ಅಂತರ 6 ಮತ. ಸಣ್ಣವರನ್ನು ಹೊರಗಿಡುವ ಪದ್ಧತಿ, ಸಣ್ಣವರು ಒಂದು ಮಿತಿಯನ್ನು ದಾಟಿದೊಡನೆ, ಅವರನ್ನೇ ಅನುಪಾತ ಮೀರಿ ದೊಡ್ಡವರನ್ನಾಗಿ ಮಾಡಬಲ್ಲುದು. ಆಗ ಹಿರಿಯ ಪಕ್ಷಗಳಿಗೆ ತಮ್ಮ ಹಳೆಯ ಕೋಟೆಯೇ ಶತ್ರುವಿನ ಆಶ್ರಯವಾಗುತ್ತದೆ.

ಅಸಮಾಧಾನ ನ್ಯಾಯವಾದದ್ದೆಂದ ಮಾತ್ರಕ್ಕೆ ಅದು ಹಿಡಿದ ದಾರಿಯೆಲ್ಲ ನ್ಯಾಯವೆಂದಾಗದು. ಮನೆ ಸಾಲದೆ ಇರುವುದಕ್ಕೆ ಮನೆ ಕಟ್ಟದ ಸರ್ಕಾರಕ್ಕಿಂತ ನಿನ್ನೆ ಬಂದ ನೆರೆಯವನನ್ನು ದೂರುವುದು ಸುಲಭ. ಆ ಸೌಲಭ್ಯವನ್ನು ಅಂಚಿನ ಪಕ್ಷಗಳು ಧಾರಾಳವಾಗಿ ಬಳಸಿಕೊಂಡಿವೆ. ಬ್ರಿಟನ್ನಿನಲ್ಲಿ ನೆಲಸಿರುವ ಭಾರತೀಯ ಪ್ರಜೆಗಳಿಗೆ, ಕಾಮನ್‌ವೆಲ್ತ್ ದೇಶದವರೆಂಬ ಕಾರಣದಿಂದ, ಅಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತಾಧಿಕಾರವಿದೆ. ಅಲ್ಲಿರುವ ಕನ್ನಡಿಗರ ಪಾಲಿಗೆ ಆದಕಾರಣ ಈ ವಾದ ಇಬ್ಬಗೆಯದು, ಚರ್ಚೆಗೆ ಗುರಿಯಾದ ವಲಸಿಗರೂ ಅವರೇ, ತೀರ್ಪು ಕೊಡುವ ಮತದಾರರೂ ಅವರೇ.

ಹಿರಿಯ ಪಕ್ಷಗಳ ತಪ್ಪು ಎರಡು ಹಂತದಲ್ಲಿ ನಡೆಯಿತು: ಮೊದಲು ಅಂಚಿನವರನ್ನು ಹೀಯಾಳಿಸಿದರು, ಆಮೇಲೆ ಅನುಕರಿಸಿದರು. ನಡುವೆ ಮಾಡಬೇಕಾಗಿದ್ದ ಕೆಲಸ, ಎಂದರೆ ಆ ಮತದಾರನ ಬೀದಿಗೆ ಹೋಗಿ ಅವನ ದೂರಿನಲ್ಲಿ ದಿಟವೆಷ್ಟು, ರೋಷವೆಷ್ಟು ಎಂದು ಬಿಡಿಸಿ ನೋಡಿ, ದಿಟವಾದಷ್ಟಕ್ಕೆ ಪರಿಹಾರ ಹುಡುಕುವ ಶ್ರಮದ ಕೆಲಸ, ಹಾಗೆಯೇ ಉಳಿಯಿತು. ಈಗ ಅದೇ ಪರೀಕ್ಷೆ ಹೊಸಬರಿಗೂ ಒದಗಿದೆ. ವೇದಿಕೆಯ ಮೇಲೆ ಗುಡುಗಿದವರು ಇನ್ನು ರಸ್ತೆಯ ಗುಂಡಿ ಮುಚ್ಚಿಸಬೇಕು, ದಿಕ್ಕಿಲ್ಲದ ವೃದ್ಧರ ಆರೈಕೆಗೆ ಹಣ ಹೊಂದಿಸಬೇಕು, ತೆರಿಗೆ ಏರಿಸದೆ ಅದನ್ನು ಹೇಗೆ ಮಾಡುವುದೆಂದು ತೋರಿಸಬೇಕು. ಪಿತ್ರಾರ್ಜಿತವೆಂದು ನಂಬಿದ್ದವರ ಕೈಯಿಂದ ಮತವನ್ನು ಒಮ್ಮೆ ಹಿಂದಕ್ಕೆ ಪಡೆದ ಮತದಾರನು, ಎರಡನೆಯ ಸಲ ಅದನ್ನು ಹಿಂದಕ್ಕೆ ಪಡೆಯಲು ಅಷ್ಟು ಕಾಲ ಕಾಯಬೇಕಾದ್ದಿಲ್ಲ.